ಮೆಮೊರಿ ಕಾರ್ಡ್ ಹೊಂದಾಣಿಕೆ

ಕ್ಯಾಮೆರಾ, ಮೊಬೈಲ್, ಎಂಪಿ3 ಪ್ಲೇಯರ್, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಮೊದಲಾದವುಗಳಿಗೆ ಸಿಕ್ಕಿಸುವ ಮೆಮೊರಿ ಕಾರ್ಡು ಆ ಸಾಧನದಲ್ಲೂ ಕಂಪ್ಯೂಟರಿಗೆ ಜೋಡಿಸಿದ ಕಾರ್ಡ್ ರೀಡರಿನಲ್ಲೂ ತೊಡಕಿಲ್ಲದೆ ಓದಲು ಬರೆಯಲು ಒದಗುವುದಕ್ಕೆ ಹೊಂದಾಣಿಕೆ ಎನ್ನುತ್ತಾರೆ. ಕಾರ್ಡು ಸ್ಲಾಟಿನಲ್ಲಿ ಸರಿಯಾಗಿ ಕುಳಿತ ಮಾತ್ರಕ್ಕೆ ಹೊಂದಾಣಿಕೆ ಇದೆಯೆಂದಲ್ಲ. ಎರಡರ ವೋಲ್ಟೇಜು ಕೂಡಿಬರಬೇಕು. ಸಾಧನ ಕೊಡುವ ಆದೇಶ ಕಾರ್ಡಿಗೆ ತಿಳಿಯಬೇಕು. ಕಾರ್ಡಿನ ಕೊನೆಯ ಬೈಟಿನವರೆಗೂ ವಿಳಾಸ ಹೇಳುವ ಶಕ್ತಿ ಸಾಧನಕ್ಕಿರಬೇಕು. ಫೈಲುಗಳನ್ನು ಜೋಡಿಸಿಟ್ಟ ಬಗೆ ಅದಕ್ಕೆ ಗೊತ್ತಿರಬೇಕು. ಇಷ್ಟರಲ್ಲಿ ಕಣ್ಣಿಗೆ ಕಾಣುವುದು ಆಕಾರವೊಂದೇ. ಬಳಸುವವರನ್ನು ಕಾಡಿದ ತೊಂದರೆಗಳು ಹೆಚ್ಚಾಗಿ ಹುಟ್ಟಿದ್ದು ಕಣ್ಣಿಗೆ ಕಾಣದ ಉಳಿದವುಗಳಲ್ಲಿ.

ಮೊದಲ ಕಾರ್ಡುಗಳು

1994ರಲ್ಲಿ ಸ್ಯಾನ್‌ಡಿಸ್ಕ್ ತಂದ ಕಾಂಪ್ಯಾಕ್ಟ್‌ಫ್ಲ್ಯಾಶ್ ಮತ್ತು 1995ರಲ್ಲಿ ತೋಶಿಬಾ ತಂದ ಸ್ಮಾರ್ಟ್‌ಮೀಡಿಯಾ ಹೆಚ್ಚುಕಡಿಮೆ ಒಂದೇ ಕಾಲದವು. ಎರಡರ ಹಣೆಬರಹ ಮಾತ್ರ ಬೇರೆ ಬೇರೆಯಾಯಿತು. ಕಾಂಪ್ಯಾಕ್ಟ್‌ಫ್ಲ್ಯಾಶಿನ ಒಳಗೇ ಕಂಟ್ರೋಲರ್ ಎಂಬ ಮೇಸ್ತ್ರಿ ಚಿಪ್ಪು ಇದೆ. ಅದು ಹೊರಗಿನ ಸಾಧನದೊಂದಿಗೆ ಹಾರ್ಡ್ ಡಿಸ್ಕಿನ ಭಾಷೆಯಲ್ಲೇ ವ್ಯವಹರಿಸುತ್ತದೆ. ಒಳಗಿರುವ ಫ್ಲ್ಯಾಶ್ ಯಾರು ಮಾಡಿದ್ದು, ಎಷ್ಟು ಹೊಸದು ಎಂಬ ಗೊಡವೆ ಸಾಧನಕ್ಕೆ ಬೇಕಿಲ್ಲ. ಸ್ಮಾರ್ಟ್‌ಮೀಡಿಯಾದಲ್ಲಿ ಈ ಮೇಸ್ತ್ರಿ ಇರಲಿಲ್ಲ. 0.76 ಮಿಲಿಮೀಟರ್ ದಪ್ಪದ ಹಾಳೆಯಂಥ ಬಿಲ್ಲೆಯೊಳಗೆ ಬರಿಯ ಫ್ಲ್ಯಾಶ್ ಇದ್ದು, ಅದನ್ನು ನಡೆಸುವ ಹೊಣೆಯೆಲ್ಲ ಕ್ಯಾಮೆರಾದ ಮೇಲೆ ಬೀಳುತ್ತಿತ್ತು. ಕಾರ್ಡು ಅಗ್ಗವಾಯಿತು, ನಿಜ. ಆದರೆ ಕ್ಯಾಮೆರಾ ತಯಾರಾದ ಮೇಲೆ ಬಂದ ದೊಡ್ಡ ಕಾರ್ಡು ಆ ಕ್ಯಾಮೆರಾಕ್ಕೆ ಅರ್ಥವಾಗುತ್ತಿರಲಿಲ್ಲ. ಇದರ ಮೇಲೆ 5 ವೋಲ್ಟಿನದೊಂದು, 3.3 ವೋಲ್ಟಿನದೊಂದು ಎಂದು ಎರಡು ಜಾತಿ. ಯಾವುದು ಯಾವುದೆಂದು ತಿಳಿಯಲು ಮೂಲೆಯ ಕಚ್ಚು ಎಡಕ್ಕಿದೆಯೋ ಬಲಕ್ಕಿದೆಯೋ ನೋಡಬೇಕಿತ್ತು. ಸ್ಮಾರ್ಟ್‌ಮೀಡಿಯಾ 128 ಎಂಬಿಯಲ್ಲಿ ನಿಂತುಹೋಯಿತು. ಬುದ್ಧಿಯನ್ನು ಕಾರ್ಡಿನೊಳಗೆ ಇಟ್ಟ ಕಾಂಪ್ಯಾಕ್ಟ್‌ಫ್ಲ್ಯಾಶ್ ಎರಡು ದಶಕ ಬಾಳಿತು. ಅದರ ಕಷ್ಟಗಳು ಬೇರೆ ರೀತಿಯವು: ಸ್ಲಾಟಿನೊಳಗಿನ 50 ಸೂಜಿಪಿನ್ನುಗಳಲ್ಲಿ ಒಂದು ಬಾಗಿದರೂ ರಿಪೇರಿಗೆ ಕೊಡಬೇಕಿತ್ತು, 5 ಮಿಲಿಮೀಟರ್ ದಪ್ಪದ ಎರಡನೆಯ ಮಾದರಿಯ ಕಾರ್ಡು, ಅಂದರೆ ಐಬಿಎಂನ ಮೈಕ್ರೊಡ್ರೈವ್‌ನಂಥದ್ದು, 3.3 ಮಿಲಿಮೀಟರಿನ ಸ್ಲಾಟಿಗೆ ಹಿಡಿಯುತ್ತಿರಲಿಲ್ಲ.

1998ರಲ್ಲಿ ಸೋನಿ ತನ್ನದೇ ಮೆಮೊರಿ ಸ್ಟಿಕ್ ತಂದಿತು. 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಸೇರಿ ಎಕ್ಸ್‌ಡಿ ಪಿಕ್ಚರ್ ಕಾರ್ಡ್ ತಂದವು. ಎಕ್ಸ್‌ಡಿಯಲ್ಲೂ ಕಂಟ್ರೋಲರ್ ಇರಲಿಲ್ಲ. ಸ್ಮಾರ್ಟ್‌ಮೀಡಿಯಾದ ತಪ್ಪನ್ನೇ ಅದು ಇನ್ನೊಮ್ಮೆ ಮಾಡಿತು ಎನ್ನಬೇಕು. ಮುಂದೆ ಎಂ ಮತ್ತು ಎಚ್ ಎಂಬ ಮಾದರಿಗಳು ಬಂದಾಗ ಹಳೆಯ ಕ್ಯಾಮೆರಾಗಳು ಕೆಲವು ಅವನ್ನು ಒಪ್ಪಲಿಲ್ಲ, ಮತ್ತು 2 ಜಿಬಿಯ ಆಚೆಗೆ ಆ ಕಾರ್ಡು ಬೆಳೆಯಲೇ ಇಲ್ಲ. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರುಗಳ ಲೋಕದಲ್ಲೂ ಇದೇ ಒಡಕು. 2001ರ ಪಾಮ್ ಎಂ500 ಎಸ್‌ಡಿ ಕಾರ್ಡನ್ನು ಕೇಳಿದರೆ, ಅದೇ ಪಾಮ್ ತಂತ್ರಾಂಶದಲ್ಲಿ ನಡೆಯುವ ಸೋನಿ ಕ್ಲಿಯೆ ಮೆಮೊರಿ ಸ್ಟಿಕ್ಕನ್ನು ಕೇಳುತ್ತಿತ್ತು. ಹ್ಯಾಂಡ್‌ಎರಾ 330 ಎಂಬ ಸಾಧನದಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಶ್ ಮತ್ತು ಎಸ್‌ಡಿ ಎರಡಕ್ಕೂ ಸ್ಲಾಟುಗಳಿದ್ದವು.

ಎಸ್‌ಡಿ ಕುಟುಂಬ

1997ರಲ್ಲಿ ಸ್ಯಾನ್‌ಡಿಸ್ಕ್ ಮತ್ತು ಸೀಮೆನ್ಸ್ ರೂಪಿಸಿದ ಮಲ್ಟಿಮೀಡಿಯಾ ಕಾರ್ಡ್, ಅಂದರೆ ಎಂಎಂಸಿ, 24 ಮಿಲಿಮೀಟರ್ ಅಗಲ, 32 ಮಿಲಿಮೀಟರ್ ಉದ್ದ, 1.4 ಮಿಲಿಮೀಟರ್ ದಪ್ಪ ಇತ್ತು, ಪಿನ್ನುಗಳು ಏಳು. 1999ರಲ್ಲಿ ಪ್ಯಾನಾಸಾನಿಕ್, ಸ್ಯಾನ್‌ಡಿಸ್ಕ್, ತೋಶಿಬಾ ಕೂಡಿ ಇದೇ ಉದ್ದಗಲ ಉಳಿಸಿಕೊಂಡು, ದಪ್ಪವನ್ನು 2.1 ಮಿಲಿಮೀಟರಿಗೆ ಏರಿಸಿ, ಪಿನ್ನುಗಳನ್ನು ಒಂಬತ್ತು ಮಾಡಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದವು. ಹೀಗಾಗಿ ತೆಳ್ಳನೆಯ ಎಂಎಂಸಿ ಎಸ್‌ಡಿ ಸ್ಲಾಟಿಗೆ ಹೋಗುತ್ತದೆ, ಬಹಳಷ್ಟು ಎಸ್‌ಡಿ ಸಾಧನಗಳು ಅದನ್ನು ಓದುತ್ತವೆ ಕೂಡ. ದಪ್ಪನೆಯ ಎಸ್‌ಡಿ ಮಾತ್ರ ಎಂಎಂಸಿ ಸ್ಲಾಟಿಗೆ ಹೋಗದು. ಹೊಸ ಸ್ಲಾಟು ಹಳೆಯ ಕಾರ್ಡನ್ನು ಒಪ್ಪುತ್ತದೆ, ಹಳೆಯ ಸ್ಲಾಟು ಹೊಸ ಕಾರ್ಡನ್ನು ಒಪ್ಪುವುದಿಲ್ಲ ಎಂಬ ರೂಢಿ ಇಲ್ಲಿಂದ ಶುರುವಾಗಿ ಈ ಕುಟುಂಬದಲ್ಲಿ ಇಂದಿಗೂ ಬಹುಮಟ್ಟಿಗೆ ನಡೆದುಬಂದಿದೆ.

ಫೋನುಗಳು ಕಿರಿದಾದಂತೆ ಕಾರ್ಡೂ ಕಿರಿದಾಯಿತು. 2003ರಲ್ಲಿ ಮಿನಿ ಎಸ್‌ಡಿ ಬಂತು. 2004ರಲ್ಲಿ ಟ್ರಾನ್ಸ್‌ಫ್ಲ್ಯಾಶ್ ಎಂಬ ಹೆಸರಿನಲ್ಲಿ ಬಂದ ಇನ್ನೂ ಪುಟ್ಟ ಕಾರ್ಡು ಮರುವರ್ಷ ಮೈಕ್ರೊ ಎಸ್‌ಡಿ ಎಂದು ನಾಮಕರಣಗೊಂಡಿತು. ಅದರ ಅಳತೆ 11 ಮಿಲಿಮೀಟರಿಗೆ 15. ದಪ್ಪ 1 ಮಿಲಿಮೀಟರ್. ಮೈಕ್ರೊ ಕಾರ್ಡನ್ನು ದೊಡ್ಡ ಸ್ಲಾಟಿಗೆ ಹಾಕಲು ಬಳಸುವ ಅಡಾಪ್ಟರು ಹೊಂದಾಣಿಕೆಯನ್ನೂ ತಂದುಕೊಡುತ್ತದೆ ಎಂಬ ತಪ್ಪು ಕಲ್ಪನೆ ಬೇರೂರಿದೆ. ಆ ಪ್ಲಾಸ್ಟಿಕ್ ಚಿಪ್ಪಿನೊಳಗೆ ಪಿನ್ನಿನಿಂದ ಪಿನ್ನಿಗೆ ಹೋಗುವ ಲೋಹದ ಪಟ್ಟಿಗಳ ಹೊರತು ಬೇರೇನೂ ಇಲ್ಲ. 64 ಜಿಬಿಯ ಮೈಕ್ರೊ ಕಾರ್ಡನ್ನು ಒಪ್ಪದ ಸಾಧನ ಅದನ್ನು ಅಡಾಪ್ಟರಿನಲ್ಲಿಟ್ಟು ಕೊಟ್ಟರೂ ಒಪ್ಪುವುದಿಲ್ಲ. ಸೋನಿಯ ಪಿಎಸ್‌ಪಿಗೆ ಮೈಕ್ರೊ ಎಸ್‌ಡಿ ಹಾಕಲು ಮಾರುವ ಮೆಮೊರಿ ಸ್ಟಿಕ್ ಆಕಾರದ ಅಡಾಪ್ಟರುಗಳ ಜಾತಿ ಬೇರೆ: ಅವುಗಳಲ್ಲಿ ಒಂದು ಭಾಷೆಯನ್ನು ಇನ್ನೊಂದಕ್ಕೆ ತಿರುಗಿಸುವ ಚಿಪ್ಪೇ ಇರುತ್ತದೆ.

ನೋಡಲು ಒಂದೇ ಥರ ಇದ್ದು ಒಳಗೆ ಬೇರೆಯಾದ ಕಾರ್ಡುಗಳಿಗೆ ಭಾರತದಲ್ಲಿ ಚೆನ್ನಾಗಿ ಪರಿಚಿತವಾದ ಉದಾಹರಣೆ ನೋಕಿಯಾ ಫೋನುಗಳದು. 6600 ಮಾದರಿಯಲ್ಲಿ ಬಳಕೆಯಾದದ್ದು ಸಾಮಾನ್ಯ ಎಂಎಂಸಿ. 2004ರ 6630 ಮತ್ತು ಅದರ ಬೆನ್ನಿಗೆ ಬಂದ ಎನ್70 ಕೇಳಿದ್ದು ಅರ್ಧ ಉದ್ದದ, ಎರಡು ವೋಲ್ಟೇಜುಗಳಲ್ಲಿ ನಡೆಯಬಲ್ಲ ಎಂಎಂಸಿಯನ್ನು. ಅದೇ ಅರ್ಧ ಉದ್ದದ, ಆದರೆ 3 ವೋಲ್ಟಿನಲ್ಲಿ ಮಾತ್ರ ನಡೆಯುವ ಕಾರ್ಡು ಆ ಸ್ಲಾಟಿನಲ್ಲಿ ಚೆನ್ನಾಗಿಯೇ ಕೂರುತ್ತಿತ್ತು; ಫೋನು ಕೊಡುವ 1.8 ವೋಲ್ಟಿಗೆ ಎಚ್ಚರವಾಗುತ್ತಿರಲಿಲ್ಲ, ಅಷ್ಟೆ. ಸೋನಿ ಎರಿಕ್ಸನ್ ಫೋನುಗಳ ಎಂ2 ಕಾರ್ಡು ಮೈಕ್ರೊ ಎಸ್‌ಡಿಯ ತಮ್ಮನಂತೆ ಕಂಡರೂ ಮೆಮೊರಿ ಸ್ಟಿಕ್ಕಿನ ವಂಶದ್ದು. 2018ರಲ್ಲಿ ಹುವಾವೆ ನ್ಯಾನೊ ಸಿಮ್ಮಿನ ಅಳತೆಯಲ್ಲಿ ತಂದ ಎನ್ಎಂ ಕಾರ್ಡಿಗೆ ಬೇರೆಯದೇ ರೀಡರ್ ಬೇಕು.

2 ಜಿಬಿಯ ಗೋಡೆ

ಎಸ್‌ಡಿ ಕುಟುಂಬದ ಅತಿ ದೊಡ್ಡ ಬಿರುಕು ಬಿದ್ದದ್ದು 2006ರಲ್ಲಿ. ಅದಕ್ಕೆ ಮೊದಲು ಕಾರ್ಡು ತನ್ನ ಗಾತ್ರವನ್ನು ಹೇಳಿಕೊಳ್ಳಲು ಒಂದು ಸಣ್ಣ ಲೆಕ್ಕ ಇಟ್ಟುಕೊಂಡಿತ್ತು: 12 ಬಿಟ್ಟುಗಳ ಒಂದು ಸಂಖ್ಯೆ, ಹೆಚ್ಚೆಂದರೆ 512ರ ಒಂದು ಗುಣಕ, ಮತ್ತು 512 ಬೈಟುಗಳ ಬ್ಲಾಕು. ಮೂರನ್ನೂ ಗುಣಿಸಿದರೆ ಸಿಗುವ ಗರಿಷ್ಠ ಗಾತ್ರ 1 ಜಿಬಿ. 2 ಜಿಬಿ ಮುಟ್ಟಲು ಬ್ಲಾಕನ್ನು 1,024 ಬೈಟು ಎಂದು ಬರೆದುಕೊಳ್ಳುವ ಉಪಾಯ ಮಾಡಿದರು. ಬ್ಲಾಕೆಂದರೆ 512 ಬೈಟೇ ಎಂದು ನಂಬಿ ತಯಾರಾಗಿದ್ದ ಸಾಧನಗಳು ಇದರಿಂದ ಮುಗ್ಗರಿಸಿದವು. 2 ಜಿಬಿ ಕಾರ್ಡನ್ನು ಅವು ಅರ್ಧವೆಂದು ಓದಿದವು, ಇಲ್ಲವೆ ಗುರುತಿಸಲೇ ಇಲ್ಲ. ಅದಕ್ಕೂ ಮುಂದೆ ಹೋದ ಕೆಲವರು 4 ಜಿಬಿಯ ಹಳೆಯ ಮಾದರಿ ಕಾರ್ಡುಗಳನ್ನೂ ಮಾರಿದರು. ನಿಯಮದ ಹೊರಗಿನ ಈ ಕಾರ್ಡುಗಳು ಒಂದು ಕ್ಯಾಮೆರಾದಲ್ಲಿ ನಡೆದರೆ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ.

4 ಜಿಬಿಯ ಆಚೆಗೆ ಯಾವ ಉಪಾಯಕ್ಕೂ ದಾರಿ ಇರಲಿಲ್ಲ. ಹಳೆಯ ಕ್ರಮದಲ್ಲಿ ಸಾಧನ ಕಾರ್ಡಿಗೆ ಬೈಟಿನ ವಿಳಾಸ ಹೇಳುತ್ತಿತ್ತು. ವಿಳಾಸಕ್ಕೆ ಇದ್ದದ್ದು 32 ಬಿಟ್ಟುಗಳು. ಅಷ್ಟರಲ್ಲಿ ಎಣಿಸಬಹುದಾದದ್ದು 4 ಜಿಬಿ. ಆದ್ದರಿಂದ 2006ರ ಎಸ್‌ಡಿಎಚ್‌ಸಿ ನಿಯಮದಲ್ಲಿ ವಿಳಾಸದ ಅರ್ಥವನ್ನೇ ಬದಲಿಸಿದರು. ಅಂದಿನಿಂದ ಆ ಸಂಖ್ಯೆ 512 ಬೈಟುಗಳ ಒಂದೊಂದು ಬ್ಲಾಕನ್ನು ಎಣಿಸುತ್ತದೆ. ಮನೆ ಮನೆಯ ನಂಬರಿನ ಬದಲು ಬೀದಿಯ ನಂಬರು ಹೇಳಿದ ಹಾಗೆ. 32 ಬಿಟ್ಟುಗಳಲ್ಲೇ 2 ಟಿಬಿಯವರೆಗೆ ತಲುಪಬಹುದು.

ಅರ್ಥ ಬದಲಾದದ್ದು ತಿಳಿಯದ ಹಳೆಯ ಸಾಧನ ಹೊಸ ಕಾರ್ಡಿನ ಯಾವುದೋ ಜಾಗದಲ್ಲಿ ಬರೆದು ಎಲ್ಲವನ್ನೂ ಹಾಳುಮಾಡಬಾರದಲ್ಲ? ಅದಕ್ಕಾಗಿ ಹೊಸ ಕಾರ್ಡು ಮೊದಲ ಪರಿಚಯದಲ್ಲೇ ಪರೀಕ್ಷೆ ಮಾಡುತ್ತದೆ. ಸಾಧನ ಮೊದಲು 8ನೆಯ ಸಂಖ್ಯೆಯ ಆದೇಶ ಕಳಿಸಬೇಕು, ಆಮೇಲೆ ‘ದೊಡ್ಡ ಕಾರ್ಡು ನನಗೆ ಗೊತ್ತು’ ಎಂಬ ಒಂದು ಬಿಟ್ಟನ್ನು ಎತ್ತಿ ತೋರಿಸಬೇಕು. 2006ಕ್ಕಿಂತ ಹಿಂದಿನ ಸಾಧನಕ್ಕೆ ಈ ಸಂಕೇತ ಗೊತ್ತಿಲ್ಲ. ಕಾರ್ಡು ‘ಇನ್ನೂ ಸಿದ್ಧವಾಗಿಲ್ಲ’ ಎಂದೇ ಹೇಳುತ್ತಾ ಕೂರುತ್ತದೆ, ಪರದೆಯ ಮೇಲೆ ‘ಕಾರ್ಡ್ ದೋಷ’ ಎಂದು ಮೂಡುತ್ತದೆ. ಇಲ್ಲಿ ಕಾರ್ಡೂ ಕೆಟ್ಟಿಲ್ಲ, ಸಾಧನವೂ ಕೆಟ್ಟಿಲ್ಲ. ಕೆಲವು ಯಂತ್ರಗಳಿಗೆ ಫರ್ಮ್‌ವೇರ್ ಬದಲಿಸಿ ಈ ಜ್ಞಾನ ಕೊಡಲಾಯಿತು. ನಿಂಟೆಂಡೊದ ವೀ ಯಂತ್ರಕ್ಕೆ 2009ರ ಮಾರ್ಚಿನಲ್ಲಿ ಹಾಗೆ ಎಸ್‌ಡಿಎಚ್‌ಸಿ ಕಲಿಸಿದರು. ತಯಾರಕರು ಕೈಬಿಟ್ಟ ಸಾಧನಗಳಿಗೆ 2 ಜಿಬಿಯೇ ಕೊನೆ.

32 ಜಿಬಿಯ ಗೋಡೆ ಮತ್ತು ಫೈಲ್ ಸಿಸ್ಟಂ

ಎಸ್‌ಡಿಎಚ್‌ಸಿ ಎಂಬ ಗುರುತು 32 ಜಿಬಿಯವರೆಗಿನ ಕಾರ್ಡುಗಳಿಗೆ ಸಲ್ಲುತ್ತದೆ. 2009ರಲ್ಲಿ ಪ್ರಕಟವಾದ ಎಸ್‌ಡಿಎಕ್ಸ್‌ಸಿ 2 ಟಿಬಿವರೆಗೆ, 2018ರ ಎಸ್‌ಡಿಯುಸಿ 128 ಟಿಬಿವರೆಗೆ. 2 ಜಿಬಿಯ ಗೋಡೆ ಕಲ್ಲಿನದಾದರೆ 32 ಜಿಬಿಯದು ಕಾಗದದ್ದು. ಎಸ್‌ಡಿಎಚ್‌ಸಿ ಮತ್ತು ಎಸ್‌ಡಿಎಕ್ಸ್‌ಸಿ ಎರಡರಲ್ಲೂ ವಿಳಾಸ ಹೇಳುವ ಕ್ರಮ ಒಂದೇ. ಮುಖ್ಯ ವ್ಯತ್ಯಾಸವಿರುವುದು ಫೈಲ್ ಸಿಸ್ಟಮ್ಮಿನಲ್ಲಿ, ಅಂದರೆ ಫೈಲುಗಳನ್ನು ಜೋಡಿಸಿಡುವ ಬಗೆಯಲ್ಲಿ: 2 ಜಿಬಿವರೆಗಿನ ಕಾರ್ಡಿಗೆ ಫ್ಯಾಟ್16, 32 ಜಿಬಿವರೆಗೆ ಫ್ಯಾಟ್32, ಅದಕ್ಕೂ ಮೇಲ್ಪಟ್ಟು ಎಕ್ಸ್‌ಫ್ಯಾಟ್ ಎಂದು ನಿಯಮ ಹೇಳುತ್ತದೆ. ಎಕ್ಸ್‌ಫ್ಯಾಟ್ ಮೈಕ್ರೊಸಾಫ್ಟಿನ ಸೊತ್ತಾಗಿದ್ದು ಅದಕ್ಕೆ ಪರವಾನಗಿ ಬೇಕಿತ್ತು. ಹೀಗಾಗಿ ‘32 ಜಿಬಿವರೆಗೆ ಮಾತ್ರ’ ಎಂದು ಬರೆದುಕೊಂಡ ಎಷ್ಟೋ ಸಾಧನಗಳು 64 ಜಿಬಿ ಕಾರ್ಡನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ಹಾಕಿದರೆ ಗೊಣಗದೆ ನಡೆಸುತ್ತವೆ. ನಿಂಟೆಂಡೊ 3ಡಿಎಸ್ ಇದಕ್ಕೆ ಹೆಸರಾದ ಉದಾಹರಣೆ. ವಿಂಡೋಸಿನ ಸಾಮಾನ್ಯ ಫಾರ್ಮ್ಯಾಟ್ ಕಿಟಕಿ ಬಹುಕಾಲ 32 ಜಿಬಿಗಿಂತ ದೊಡ್ಡದನ್ನು ಫ್ಯಾಟ್32ಕ್ಕೆ ಮಾಡಲು ಬಿಡುತ್ತಿರಲಿಲ್ಲವಾದ್ದರಿಂದ ಇದಕ್ಕೆ ಬೇರೆ ತಂತ್ರಾಂಶ ಬೇಕಾಗುತ್ತಿತ್ತು. ಈ ದಾರಿಯನ್ನು ಯಾವ ತಯಾರಕರೂ ಖಾತರಿ ಕೊಟ್ಟು ಹೇಳುವುದಿಲ್ಲ. ಒಂದೊಂದು ಫೈಲಿನ ಗಾತ್ರ 4 ಜಿಬಿ ಮೀರಬಾರದೆಂಬ ಫ್ಯಾಟ್32ರ ಮಿತಿಯೂ ಜೊತೆಗೇ ಬರುತ್ತದೆ. ಕ್ಯಾಮೆರಾಗಳು ಉದ್ದನೆಯ ವಿಡಿಯೊವನ್ನು ತುಂಡು ತುಂಡಾಗಿ ಉಳಿಸುವುದಕ್ಕೆ ಈ ಮಿತಿಯೇ ಒಂದು ಮುಖ್ಯ ಕಾರಣ.

ಕಂಪ್ಯೂಟರುಗಳೂ ಎಕ್ಸ್‌ಫ್ಯಾಟನ್ನು ಒಮ್ಮೆಲೆ ಕಲಿಯಲಿಲ್ಲ. ವಿಂಡೋಸ್ ಎಕ್ಸ್‌ಪಿಗೆ 2009ರಲ್ಲಿ ಪ್ರತ್ಯೇಕ ಅಪ್‌ಡೇಟ್ ಬಂತು, ಮ್ಯಾಕ್ 10.6.5ರಿಂದ ಓದತೊಡಗಿತು. ಮೈಕ್ರೊಸಾಫ್ಟ್ 2019ರ ಆಗಸ್ಟಿನಲ್ಲಿ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ ಅದೇ ವರ್ಷದ ಲಿನಕ್ಸ್ 5.4 ಕರ್ನಲ್ಲಿನಲ್ಲಿ ಸೇರಿತು. ಎಕ್ಸ್‌ಫ್ಯಾಟ್ ತಿಳಿಯದ ಸಾಧನಕ್ಕೆ ಕಾರ್ಡು ಖಾಲಿಯಂತೆಯೋ ಹಾಳಾದಂತೆಯೋ ಕಾಣುತ್ತದೆ, ‘ಫಾರ್ಮ್ಯಾಟ್ ಮಾಡಲೆ?’ ಎಂದು ಕೇಳುತ್ತದೆ. ಹೂಂ ಎಂದರೆ ಒಳಗಿದ್ದ ಚಿತ್ರಗಳೆಲ್ಲ ಹೋದಂತೆ. ಮೊದಲು ಕಾರ್ಡನ್ನು ಬೇರೊಂದು ಸಾಧನದಲ್ಲಿ ಹಾಕಿ ನೋಡುವುದು ಲೇಸು.

ಫೈಲುಗಳ ಹೆಸರೂ ತೊಡಕಾಗಬಹುದು. ಫ್ಯಾಟಿನ ಉದ್ದ ಹೆಸರುಗಳು ಯುನಿಕೋಡಿನಲ್ಲೇ ಇರುವುದರಿಂದ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಹೆಸರಿಟ್ಟ ಹಾಡು ಕಾರ್ಡಿನ ಮೇಲೆ ಕನ್ನಡದಲ್ಲೇ ಉಳಿಯುತ್ತದೆ. ಕನ್ನಡ ಫಾಂಟ್ ಇಲ್ಲದ ಬಟನ್ ಫೋನಿನಲ್ಲೋ ಕಾರಿನ ಪ್ಲೇಯರಿನಲ್ಲೋ ಅದು ಚೌಕಗಳ ಸಾಲಾಗಿ ಕಾಣುತ್ತದೆ. ಕ್ಯಾಮೆರಾಗಳಂತೂ ಇನ್ನೂ ಮಡಿ. ಡಿಸಿಐಎಂ ಎಂಬ ಫೋಲ್ಡರಿನಲ್ಲಿ, ಎಂಟು ಅಕ್ಷರಗಳ ಗೊತ್ತಾದ ಮಾದರಿಯ ಹೆಸರಿದ್ದರೆ ಮಾತ್ರ ಅವು ಚಿತ್ರವನ್ನು ಗುರುತಿಸುತ್ತವೆ. ಕಂಪ್ಯೂಟರಿನಲ್ಲಿ ಹೆಸರು ಬದಲಿಸಿ ಮರಳಿ ಹಾಕಿದ ಚಿತ್ರ ಕ್ಯಾಮೆರಾದಲ್ಲಿ ತೋರದಿರಲು ಇದು ಕಾರಣ.

ವೇಗ

ವೇಗದ ವಿಷಯದಲ್ಲಿ ಎಸ್‌ಡಿ ಕುಟುಂಬ ಉದಾರಿ. ಕಾರ್ಡು ಮತ್ತು ಸ್ಲಾಟುಗಳಲ್ಲಿ ಯಾವುದು ನಿಧಾನವೋ ಅದರ ವೇಗಕ್ಕೆ ಎರಡೂ ಇಳಿದು ಕೆಲಸ ಮುಂದುವರಿಸುತ್ತವೆ. ಮೂಲ ಕಾರ್ಡು ಸೆಕೆಂಡಿಗೆ 12.5 ಎಂಬಿ ಸಾಗಿಸಬಲ್ಲದಾಗಿತ್ತು. ಯುಎಚ್‌ಎಸ್-1ರಲ್ಲಿ ಅದು 104 ಎಂಬಿಗೆ, ಎರಡನೆಯ ಸಾಲು ಪಿನ್ನುಗಳಿರುವ ಯುಎಚ್‌ಎಸ್-2ರಲ್ಲಿ 312 ಎಂಬಿಗೆ ಏರಿತು. ಯುಎಚ್‌ಎಸ್-2 ಕಾರ್ಡನ್ನು ಹಳೆಯ ಸ್ಲಾಟಿಗೆ ಹಾಕಿದರೆ ಎರಡನೆಯ ಸಾಲಿಗೆ ಕೆಲಸವಿಲ್ಲ, ಕೊಟ್ಟ ಹೆಚ್ಚಿನ ಹಣಕ್ಕೂ ಫಲವಿಲ್ಲ. 2018ರ ಎಸ್‌ಡಿ ಎಕ್ಸ್‌ಪ್ರೆಸ್ ಇದೇ ಎರಡನೆಯ ಸಾಲನ್ನು ಕಂಪ್ಯೂಟರಿನ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಕ್ಕೆ ಬಳಸಿಕೊಂಡಿತು. ಆದ್ದರಿಂದ ಎಕ್ಸ್‌ಪ್ರೆಸ್ ಕಾರ್ಡು ಯುಎಚ್‌ಎಸ್-2 ಸ್ಲಾಟಿನಲ್ಲಿ ಯುಎಚ್‌ಎಸ್-1ರ ವೇಗಕ್ಕೇ ಇಳಿಯುತ್ತದೆ. ದುಬಾರಿಯ ಎರಡು ಸೇರಿ ಅಗ್ಗದ ಒಂದರಷ್ಟೇ ಕೆಲಸ ಮಾಡಿದಂತೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಈ ಔದಾರ್ಯಕ್ಕೂ ಮಿತಿ ಹಾಕಿದೆ. ಅದರ ಸ್ಲಾಟಿಗೆ ಸಾಮಾನ್ಯ ಮೈಕ್ರೊ ಎಸ್‌ಡಿ ಹಿಡಿಯುತ್ತದಾದರೂ ಹಳೆಯ ಸ್ವಿಚ್ಚಿನ ಚಿತ್ರ, ವಿಡಿಯೊಗಳನ್ನು ತರಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಆಟಗಳನ್ನು ಇಡಲು ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು.

ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಓದುವ ಗರಿಷ್ಠ ವೇಗ. ವಿಡಿಯೊ ತೆಗೆಯುವವರು ನೋಡಬೇಕಾದದ್ದು ಸಣ್ಣ ಚಿಹ್ನೆಗಳನ್ನು: 10 ಎಂಬ ಅಂಕಿಯ ಕ್ಲಾಸ್, ಯು3, ವಿ30, ವಿ90 ಇತ್ಯಾದಿ. ಕ್ಲಾಸ್ ಮತ್ತು ವಿ ಚಿಹ್ನೆಗಳ ಅಂಕಿ ಬರೆಯುವಾಗ ಸೆಕೆಂಡಿಗೆ ಕನಿಷ್ಠ ಎಷ್ಟು ಎಂಬಿ ಎಂಬುದನ್ನು ನೇರವಾಗಿ ಹೇಳುತ್ತದೆ. ಯು3 ಎಂದರೆ 30 ಎಂಬಿ. ಫೋನಿನಲ್ಲಿ ಆ್ಯಪ್‌ಗಳಿಗೆ ಬಳಸುವ ಕಾರ್ಡಿನ ಎ2 ದರ್ಜೆ ಪೂರ್ತಿ ಫಲ ಕೊಡಬೇಕಾದರೆ ಫೋನಿಗೂ ಅದರ ಆದೇಶಗಳು ತಿಳಿದಿರಬೇಕು.

ಕಾರ್ಡ್ ರೀಡರ್

ರೀಡರ್ ಎಂದರೆ ಬರಿಯ ಸಾಕೆಟ್ ಅಲ್ಲ. ಅದರೊಳಗೂ ಒಂದು ಚಿಪ್ಪಿದ್ದು, ಕಾರ್ಡಿನ ಭಾಷೆಯನ್ನು ಯುಎಸ್‌ಬಿ ಭಾಷೆಗೆ ತಿರುಗಿಸುತ್ತದೆ. ಮೇಲೆ ಹೇಳಿದ 2 ಜಿಬಿಯ ಗೋಡೆ ಆದ್ದರಿಂದ ರೀಡರಿಗೂ ಅನ್ವಯಿಸುತ್ತದೆ: 2006ಕ್ಕಿಂತ ಹಿಂದಿನ ರೀಡರನ್ನು ಎಷ್ಟೇ ಹೊಸ ಲ್ಯಾಪ್‌ಟಾಪಿಗೆ ಚುಚ್ಚಿದರೂ ಎಸ್‌ಡಿಎಚ್‌ಸಿ ಕಾಣುವುದಿಲ್ಲ. ಹಲವು ಬಗೆಯ ಕಾರ್ಡು ಓದುವ ರೀಡರುಗಳ ಡಬ್ಬದ ಮೇಲಿನ ದೊಡ್ಡ ಸಂಖ್ಯೆಯನ್ನೂ ಮುಖಬೆಲೆಗೆ ನಂಬುವಂತಿಲ್ಲ. ಎಸ್‌ಡಿ, ಮಿನಿ ಎಸ್‌ಡಿ, ಎಂಎಂಸಿ ಎಂದು ಒಂದೇ ಸ್ಲಾಟನ್ನು ಹಲವು ಸಲ ಎಣಿಸಿ ಆ ಸಂಖ್ಯೆ ಬರುತ್ತದೆ. ಯುಎಸ್‌ಬಿ 1.1ರ ರೀಡರಿನಲ್ಲಿ ಸೆಕೆಂಡಿಗೆ ಸುಮಾರು 1 ಎಂಬಿ ಸಾಗುತ್ತದೆ, 2.0ರಲ್ಲಿ ಮೂವತ್ತು ನಲವತ್ತು. ಯುಎಚ್‌ಎಸ್ ಕಾರ್ಡಿನ ವೇಗ ಸಿಗಬೇಕೆಂದರೆ ರೀಡರೂ ಕಂಪ್ಯೂಟರಿನ ಕಿಂಡಿಯೂ ಯುಎಸ್‌ಬಿ 3.0 ಆಗಿರಬೇಕು.

ಕರ್ನಾಟಕದ ಊರೂರ ಮೊಬೈಲ್ ಅಂಗಡಿಗಳಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕಸುಬು ಜೋರಾಗಿದ್ದ ಕಾಲದಲ್ಲಿ ಬೆರಳುದ್ದದ ಯುಎಸ್‌ಬಿ ರೀಡರೇ ಅಂಗಡಿಯವರ ಬಂಡವಾಳ. ರೀಡರ್ ಓದದ ಕಾರ್ಡನ್ನು ಗಿರಾಕಿಯ ಫೋನಿಗೇ ಹಾಕಿ ಕೇಬಲ್ಲಿನಲ್ಲಿ ಜೋಡಿಸುವ ಉಪಾಯದ ಹಿಂದೆ ಗಟ್ಟಿ ಕಾರಣವಿದೆ. ಎಂಟಿಪಿ ಕ್ರಮದಲ್ಲಿ ಜೋಡಿಸಿದಾಗ ಕಾರ್ಡಿನ ಫೈಲ್ ಸಿಸ್ಟಮ್ಮನ್ನು ನಿಭಾಯಿಸುವುದು ಫೋನು. ಕಂಪ್ಯೂಟರಿಗೆ ಅದು ತಿಳಿಯದಿದ್ದರೂ ನಡೆಯುತ್ತದೆ. ಮಾಸ್ ಸ್ಟೋರೇಜ್ ಕ್ರಮದಲ್ಲಾದರೆ ಕಂಪ್ಯೂಟರಿಗೂ ತಿಳಿದಿರಬೇಕು.

ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಬರಹ ತಡೆಯುವ ಸಣ್ಣ ಗುಂಡಿಯ ಬಗ್ಗೆ ಒಂದು ಮಾತು. ಅದು ಸರಿದಾಡುವ ಪ್ಲಾಸ್ಟಿಕ್ ಚೂರು ಮಾತ್ರ. ಅದರ ಸ್ಥಾನವನ್ನು ಮುಟ್ಟಿ ನೋಡುವುದು ಸ್ಲಾಟು, ಕಾರ್ಡಿನ ಒಳಗಿನ ಚಿಪ್ಪಿಗೆ ಅದರ ಸುದ್ದಿಯೇ ಇಲ್ಲ. ಗುಂಡಿ ಮುರಿದುಹೋದ ಕಾರ್ಡು ‘ಬರೆಯಲು ಆಗದು’ ಎನ್ನತೊಡಗಿದರೆ ಆ ಕಚ್ಚಿನ ಮೇಲೆ ತುಂಡು ಟೇಪು ಅಂಟಿಸಿದರೆ ಸಾಕು.

ಬೀಗಗಳು

ಎಲ್ಲವೂ ಹೊಂದಿದ್ದರೂ ಒಂದು ಸಾಧನ ಹಾಕಿದ ಬೀಗ ಇನ್ನೊಂದರಲ್ಲಿ ತೆರೆಯದಿರಬಹುದು. ನೋಕಿಯಾದ ಹಳೆಯ ಸ್ಮಾರ್ಟ್‌ಫೋನುಗಳಲ್ಲಿ ಕಾರ್ಡಿಗೆ ಪಾಸ್‌ವರ್ಡ್ ಹಾಕಬಹುದಿತ್ತು. ಆ ಪಾಸ್‌ವರ್ಡ್ ಉಳಿಯುತ್ತಿದ್ದುದು ಕಾರ್ಡಿನ ಕಂಟ್ರೋಲರಿನಲ್ಲಿ. ಅದನ್ನು ಮರೆತರೆ ಸಾಮಾನ್ಯ ರೀಡರಿನಲ್ಲಿ ಫಾರ್ಮ್ಯಾಟ್ ಕೂಡ ಮಾಡಲಾಗುತ್ತಿರಲಿಲ್ಲ. 2015ರ ಆಂಡ್ರಾಯ್ಡ್ 6ರಲ್ಲಿ ಕಾರ್ಡನ್ನು ಫೋನಿನ ಒಳ ಸಂಗ್ರಹಕ್ಕೇ ಸೇರಿಸಿಕೊಳ್ಳುವ ಸೌಲಭ್ಯ ಬಂತು. ಹಾಗೆ ಸೇರಿದ ಕಾರ್ಡು ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಆ ಫೋನಿನಲ್ಲಿ ಮಾತ್ರ ಇರುತ್ತದೆ. ಫೋನು ಕೆಟ್ಟರೆ ಕಾರ್ಡಿನಲ್ಲಿದ್ದದ್ದೂ ಅದರೊಂದಿಗೇ ಹೋಯಿತು.

ನಕಲಿ ಕಾರ್ಡು ಮತ್ತು ಹಳೆಯ ಸಾಧನ

ಹೊಂದಾಣಿಕೆಯ ದೋಷದಂತೆ ಕಾಣುವ ಎಷ್ಟೋ ಪ್ರಕರಣಗಳಲ್ಲಿ ಕಾರ್ಡೇ ನಕಲಿಯಾಗಿರುತ್ತದೆ. ಸಣ್ಣ ಕಾರ್ಡಿನ ಕಂಟ್ರೋಲರಿಗೆ ದೊಡ್ಡ ಗಾತ್ರ ಹೇಳುವಂತೆ ಸುಳ್ಳು ಕಲಿಸಿರುತ್ತಾರೆ. ಫೋನು, ರೀಡರು ಎರಡೂ ಅದನ್ನು ನಂಬುತ್ತವೆ. ನಿಜವಾದ ಗಾತ್ರ ತುಂಬಿದ ಮೇಲೆ ಬರೆದ ಫೈಲುಗಳು ತೆರೆಯುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಎಂಬ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ ಈ ಮೋಸವನ್ನು ಹಿಡಿಯುತ್ತವೆ. ಕೊಂಡ ದಿನವೇ ಈ ಪರೀಕ್ಷೆ ಮಾಡಿದರೆ ಅಂಗಡಿಗೆ ಹಿಂದಿರುಗಿಸಲು ಅವಕಾಶವಿರುತ್ತದೆ.

2006ಕ್ಕೆ ಮೊದಲಿನ ಕ್ಯಾಮೆರಾ, ಪಾಮ್‌ನಂಥ ಅಂಗೈ ಕಂಪ್ಯೂಟರ್, ಹಳೆಯ ಕೀಬೋರ್ಡ್ ವಾದ್ಯಗಳ ತೊಂದರೆ ಇದಕ್ಕೆ ತಿರುಗುಮುರುಗು. ಅವಕ್ಕೆ ಬೇಕಾದ 2 ಜಿಬಿ ಅಥವಾ ಅದಕ್ಕಿಂತ ಸಣ್ಣ ಎಸ್‌ಡಿ ಕಾರ್ಡು ಮಾಮೂಲಿ ಅಂಗಡಿಗಳಿಂದ ಬಹುತೇಕ ಮರೆಯಾಗಿದೆ. 32 ಜಿಬಿಯ ಕಾರ್ಡಿನಲ್ಲಿ 2 ಜಿಬಿಯ ಪಾರ್ಟಿಶನ್ ಮಾಡಿಕೊಂಡರೂ ಅದು ಎಸ್‌ಡಿಎಚ್‌ಸಿಯೇ ಆಗಿ ಉಳಿಯುವುದರಿಂದ ಪ್ರಯೋಜನವಿಲ್ಲ. ಅಂಥ ಸಾಧನ ಇಟ್ಟುಕೊಂಡವರು ಡ್ರಾಯರಿನ ಮೂಲೆಯಲ್ಲಿ ಬಿದ್ದಿರುವ 512 ಎಂಬಿ, 1 ಜಿಬಿ ಕಾರ್ಡುಗಳನ್ನು ಎಸೆಯದಿರುವುದು ಒಳ್ಳೆಯದು.